ದಾನಿಗಳು ಕೊಟ್ಟ ಕೊಠಡಿಯಲ್ಲಿ ಮಕ್ಕಳ ಕೈಗೆ ಏನು ಸಿಗಬೇಕು?

ಪರವೂರಿನಲ್ಲಿರುವ ಹಳೆ ವಿದ್ಯಾರ್ಥಿಗಳ ನೆರವಿನಿಂದ ಶಾಲೆಗೊಂದು ಕಂಪ್ಯೂಟರ್ ಕೊಠಡಿ ಆಗುವುದು ನಮ್ಮ ಕರಾವಳಿಗೆ ಹೊಸತಲ್ಲ. ರಿಬ್ಬನ್ ಕತ್ತರಿಸಿ, ದಾನಿಗಳ ಹೆಸರಿನ ಫಲಕ ಅನಾವರಣ ಮಾಡಿ, ಶಾಲು ಹೊದಿಸಿ ಗೌರವಿಸುತ್ತೇವೆ. ಆಮೇಲೆ? ಕೆಲವು ಶಾಲೆಗಳಲ್ಲಿ ಆ ಕೊಠಡಿ ಮಕ್ಕಳಿಂದ ತುಂಬಿರುತ್ತದೆ. ಎಲ್ಲ ಕಡೆ ಹಾಗಿಲ್ಲ. ನಾವು ಭೇಟಿ ಕೊಟ್ಟಿದ್ದ ಒಂದು ಶಾಲೆಯಲ್ಲಿ (ಹೆಸರು ಬೇಡ) ಹತ್ತು ಕಂಪ್ಯೂಟರ್‌ಗಳು ಕಸೂತಿ ಹಾಕಿದ ಬಟ್ಟೆ ಹೊದ್ದು ಸಾಲಾಗಿ ಕುಳಿತಿದ್ದವು. ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನ ಡ್ರಾಯರಿನಲ್ಲಿತ್ತು. "ಮಕ್ಕಳು ಮುಟ್ಟಿ ಹಾಳಾದರೆ ದಾನಿಗಳಿಗೆ ಏನೆಂದು ಉತ್ತರ ಕೊಡುವುದು?" ಎಂದು ಅವರು ಕೇಳಿದರು. ಅವರ ಕಷ್ಟ ಸುಳ್ಳಲ್ಲ. ಆದರೆ ದಾನಿ ಕೊಟ್ಟದ್ದು ಯಾರಿಗೆ ಎಂಬ ಪ್ರಶ್ನೆಯೂ ಅಲ್ಲೇ ಇದೆ.

ಈ ಪ್ರಶ್ನೆಗೆ ಅಮೆರಿಕದ ಬೋಸ್ಟನ್ ನಗರದಲ್ಲಿ 1989ರಷ್ಟು ಹಿಂದೆಯೇ ಒಂದು ಉತ್ತರ ಹುಟ್ಟಿತು. ಶಾಲಾ ಸಂಚಾಲಕರಿಗೂ ಶಿಕ್ಷಕರಿಗೂ ದಾನಿಗಳಿಗೂ ಉಪಯೋಗವಾಗಬಹುದೆಂದು ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇವೆ.

ಬೋಸ್ಟನ್ನಿನಲ್ಲಿ ಆಗ ಕಂಪ್ಯೂಟರ್ ಮ್ಯೂಸಿಯಂ ಎಂಬ ವಸ್ತು ಸಂಗ್ರಹಾಲಯವಿತ್ತು. 1989ರ ಶಾಲಾ ರಜೆಯಲ್ಲಿ ಅಲ್ಲಿನ ಶಿಕ್ಷಣ ವಿಭಾಗದ ನಟಾಲಿ ರಸ್ಕ್ ಅವರು ಮಕ್ಕಳಿಗಾಗಿ ಒಂದು ಕಾರ್ಯಾಗಾರ ನಡೆಸಿದರು. ಲೆಗೋ ಇಟ್ಟಿಗೆಗಳು, ಸಣ್ಣ ಮೋಟಾರುಗಳು, ಅವುಗಳನ್ನು ಓಡಿಸಲು ಕಂಪ್ಯೂಟರ್, ಇಷ್ಟೇ ಸಾಮಗ್ರಿ. ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಬೆರೆಸಿ ಮಾತಾಡುತ್ತಿದ್ದ ನಾಲ್ಕು ಮಕ್ಕಳು ಬಂದರು. ಒಬ್ಬ ಹುಡುಗ ಮೋಟಾರೊಂದನ್ನು ಕೈಗೆತ್ತಿಕೊಂಡ. ಅದು ತಿರುಗುವುದನ್ನು ಕಂಡೊಡನೆ ಗೆಳೆಯರನ್ನು ಕರೆದ. ಮರುದಿನವೂ ಬಂದರು, ಅದರ ಮರುದಿನವೂ ಬಂದರು. ರಜೆ ಮುಗಿಯಿತು, ಕಾರ್ಯಾಗಾರವೂ ಮುಗಿಯಿತು. ಕೆಲವು ದಿನಗಳ ನಂತರ ಮ್ಯೂಸಿಯಂನ ಆಡಳಿತದಿಂದ ಸಿಬ್ಬಂದಿಗೆ ಎಚ್ಚರಿಕೆಯ ಸಂದೇಶ ಬಂತು: ಕೆಲವು ಮಕ್ಕಳು ಕದ್ದು ಒಳಗೆ ನುಗ್ಗುತ್ತಿದ್ದಾರೆ, ಜಾಗ್ರತೆ. ನೋಡಿದರೆ ಅದೇ ಮಕ್ಕಳು! ಕಳವು ಮಾಡಲು ಬಂದವರಲ್ಲ, ಅರ್ಧಕ್ಕೆ ನಿಂತ ಕೆಲಸ ಮುಂದುವರಿಸಲು ಬಂದವರು.

ಆ ಮಕ್ಕಳನ್ನು ಬೇರೆಲ್ಲಿಗೆ ಕಳುಹಿಸೋಣ ಎಂದು ರಸ್ಕ್ ಮತ್ತು ಎಂ.ಐ.ಟಿ.ಯ ಮಿಚೆಲ್ ರೆಸ್ನಿಕ್ ಅವರು ಊರೆಲ್ಲಾ ವಿಚಾರಿಸಿದರು. ಕಂಪ್ಯೂಟರ್ ಇದ್ದ ಕೇಂದ್ರಗಳಲ್ಲಿ ಆಟ ಇಲ್ಲವೇ ಟೈಪಿಂಗಿನಂಥ ಪಾಠ ಮಾತ್ರ ಇತ್ತು. ಸ್ವಂತದ್ದೇನಾದರೂ ಮಾಡಲು ಜಾಗವಿರಲಿಲ್ಲ. ಹಾಗಾಗಿ ತಾವೇ ಒಂದು ಜಾಗ ಮಾಡಿದರು. 1993ರಲ್ಲಿ ಕಂಪ್ಯೂಟರ್ ಕ್ಲಬ್‌ಹೌಸ್ ಎಂಬ ಹೆಸರಿನಲ್ಲಿ ಅದು ಆರಂಭವಾಯಿತು. 10ರಿಂದ 18 ವರ್ಷದ, ಬಡ ಬಡಾವಣೆಗಳ ಮಕ್ಕಳಿಗೆ ಶಾಲೆ ಬಿಟ್ಟ ನಂತರ ಉಚಿತ ಪ್ರವೇಶ. ಖರ್ಚೆಲ್ಲ ದಾನಿಗಳದ್ದು. 2000ದಲ್ಲಿ ಇಂಟೆಲ್ ಕಂಪೆನಿ ಇಂಥ 100 ಕೇಂದ್ರಗಳನ್ನು ತೆರೆಯಲು ನೆರವು ಘೋಷಿಸಿದ ನಂತರ ಅದು ಹಲವು ದೇಶಗಳಿಗೆ ಹರಡಿತು.

ಈ ಕ್ಲಬ್‌ಹೌಸಿನ ಒಳಗೆ ಕಾಲಿಟ್ಟವರಿಗೆ ಮೊದಲು ಕಾಣುವುದು ಕಂಪ್ಯೂಟರ್ ಅಲ್ಲ, ನಡುವಿನಲ್ಲಿರುವ ಹಸಿರು ಬಣ್ಣದ ದೊಡ್ಡ ಮೇಜು. ಅದರ ಮೇಲೆ ಕಂಪ್ಯೂಟರ್ ಇಡುವುದಿಲ್ಲ. ಅದು ಕಾಗದ, ಕತ್ತರಿ, ಮಾತುಕತೆ, ತಿಂಡಿ ಇವುಗಳಿಗೆ ಮೀಸಲು. ಕುರ್ಚಿಗಳಿಗೆ ಚಕ್ರಗಳಿವೆ. ಕುಳಿತಲ್ಲಿಂದಲೇ ಸರಿದು ಪಕ್ಕದವರು ಏನು ಮಾಡುತ್ತಿದ್ದಾರೆಂದು ನೋಡಬಹುದು. ನಮ್ಮ ತರಗತಿಗಳಲ್ಲಿ ಪಕ್ಕದವನದ್ದು ನೋಡಿದರೆ ಕಿವಿ ಹಿಂಡುವ ಪದ್ಧತಿ. ಅಲ್ಲಿ ನೋಡಲೆಂದೇ ಕುರ್ಚಿಗೆ ಚಕ್ರ! ಮಕ್ಕಳು ಮಾಡಿದ ವಸ್ತುಗಳನ್ನು ಗೋಡೆಯಲ್ಲಿ, ಕಪಾಟಿನಲ್ಲಿ ಪ್ರದರ್ಶಿಸುತ್ತಾರೆ. ಹೊಸದಾಗಿ ಬಂದ ಮಗುವಿಗೆ ಇಲ್ಲಿ ಏನೇನು ಸಾಧ್ಯ ಎಂದು ಹೇಳಿಕೊಡುವುದು ಅವೇ. ದೊಡ್ಡವರು ಮಾರ್ಗದರ್ಶಕರಾಗಿ ಬರುತ್ತಾರೆ. ಪಾಠ ಒಪ್ಪಿಸಿಕೊಳ್ಳಲು ಅಲ್ಲ, ಮಕ್ಕಳ ಜೊತೆ ತಾವೂ ಏನಾದರೂ ಮಾಡಲು.

ಇದರ ಬೇರು ಇನ್ನೂ ಹಳೆಯದು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಗಣಿತಜ್ಞ ಸೈಮೋರ್ ಪ್ಯಾಪರ್ಟ್ (1928-2016) ಜಿನೀವಾದಲ್ಲಿ ಮನೋವಿಜ್ಞಾನಿ ಜೀನ್ ಪಿಯಾಜೆ ಅವರೊಂದಿಗೆ ಕೆಲಸ ಮಾಡಿ, ನಂತರ ಅಮೆರಿಕಕ್ಕೆ ಬಂದವರು. ಅವರೂ ಸಂಗಡಿಗರೂ 1967ರಲ್ಲಿ ಮಕ್ಕಳಿಗಾಗಿ ಲೋಗೋ ಎಂಬ ಕಂಪ್ಯೂಟರ್ ಭಾಷೆ ರೂಪಿಸಿದರು. ಆಮೆಯೊಂದಕ್ಕೆ 'ಮುಂದೆ 50', 'ಬಲಕ್ಕೆ 90' ಎಂದು ಆಜ್ಞೆ ಕೊಟ್ಟರೆ ಅದು ನಡೆದು ಗೆರೆ ಎಳೆಯುತ್ತದೆ. ಇದನ್ನೇ ನಾಲ್ಕು ಸಲ ಹೇಳಿದರೆ ಚೌಕ. ತ್ರಿಕೋನ ಬೇಕೆಂದರೆ ಎಷ್ಟು ತಿರುಗಿಸಬೇಕು? 60 ಎಂದು ಹೇಳಿದ ಮಗುವಿನ ಆಮೆ ಎಲ್ಲೋ ಹೋಗುತ್ತದೆ. 120 ಎಂದು ಮಗು ತಾನೇ ಕಂಡುಕೊಳ್ಳುವಾಗ ಹೊರಕೋನ ಎಂದರೇನೆಂದು ಅದಕ್ಕೆ ಗೊತ್ತಾಗಿರುತ್ತದೆ. ಬೇಕಿದ್ದರೆ ಮಗು ತಾನೇ ಆಮೆಯಂತೆ ಜಗಲಿಯಲ್ಲಿ ನಡೆದು ನೋಡಬಹುದು. ಪ್ಯಾಪರ್ಟ್ ಅವರ ವಾದ ಇಷ್ಟೇ: ಇತರರಿಗೆ ತೋರಿಸಬಹುದಾದ ಒಂದು ವಸ್ತುವನ್ನು ಕೈಯಾರೆ ಕಟ್ಟುವಾಗ ಮಗುವಿನ ತಲೆಯೊಳಗೂ ತಿಳುವಳಿಕೆ ಕಟ್ಟಿಕೊಳ್ಳುತ್ತದೆ. ತಪ್ಪು ಎಂಬುದು ಕೆಂಪು ಶಾಯಿಯ ಗುರುತಲ್ಲ, ಸರಿಪಡಿಸಲು ಸಿಕ್ಕಿದ ಜಾಗ.

ರೆಸ್ನಿಕ್ ಅವರ ತಂಡ 2007ರಲ್ಲಿ ಸ್ಕ್ರ್ಯಾಚ್ ಎಂಬ ತಂತ್ರಾಂಶ ಬಿಡುಗಡೆ ಮಾಡಿತು. ಇದು ಉಚಿತ. ಆಜ್ಞೆಗಳನ್ನು ಟೈಪ್ ಮಾಡಬೇಕಿಲ್ಲ. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಸಾಕು. ಇಂಥ ಸಾಧನದ ಹೊಸ್ತಿಲು ತಗ್ಗಾಗಿರಬೇಕು, ಮಾಡು ಎತ್ತರವಿರಬೇಕು ಎಂಬುದು ಪ್ಯಾಪರ್ಟ್ ಅವರ ಆಶಯವಾಗಿತ್ತು. ಕೋಣೆ ಅಗಲವಾಗಿಯೂ ಇರಬೇಕೆಂದು ರೆಸ್ನಿಕ್ ಸೇರಿಸಿದರು. ಎಂದರೆ ಮೊದಲ ದಿನವೇ ಏನಾದರೂ ಮಾಡಲು ಬರಬೇಕು, ವರ್ಷ ಕಳೆದರೂ ಕಲಿಯಲು ಬಾಕಿ ಇರಬೇಕು, ಒಬ್ಬಳು ದೋಣಿಯ ಆಟ ಮಾಡಿದರೆ ಇನ್ನೊಬ್ಬ ಅಜ್ಜಿಯ ಕಥೆಗೆ ಚಿತ್ರ ಕಟ್ಟಬಹುದು.

ತೆರೆಯ ಹೊರಗೂ ಇದು ನಡೆಯುತ್ತದೆ. ಎಂ.ಐ.ಟಿ.ಯಲ್ಲೇ ರೂಪುಗೊಂಡು 2012ರಲ್ಲಿ ಹೊರಬಂದ ಮೇಕಿ ಮೇಕಿ ಎಂಬ ಸಣ್ಣ ಹಲಗೆಯನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಅದರ ವಯರನ್ನು ಬಾಳೆಹಣ್ಣಿಗೆ ಚುಚ್ಚಿದರೆ ಬಾಳೆಹಣ್ಣೇ ಕೀಲಿಯಾಗುತ್ತದೆ. ಹಣ್ಣುಗಳ ಸಾಲಿನಲ್ಲಿ ಪಿಯಾನೋ ಬಾರಿಸಬಹುದು. ಅತ್ಯಲ್ಪ ವಿದ್ಯುತ್ ಮೈಯ ಮೂಲಕ ಹರಿದು ಮಂಡಲ ಪೂರ್ಣವಾಗುವುದೇ ಇದರ ಗುಟ್ಟು. ಐದಾರು ಮಕ್ಕಳು ಕೈ ಕೈ ಹಿಡಿದು ನಿಂತರೂ ಸ್ವರ ಹೊರಡುತ್ತದೆ. ನಡುವೆ ಒಬ್ಬ ಕೈ ಬಿಟ್ಟರೆ ನಿಲ್ಲುತ್ತದೆ. ವಿದ್ಯುತ್ ಮಂಡಲದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ನಮಗಂತೂ ಗೊತ್ತಿಲ್ಲ.

ಹಾಗೆಂದು ಸಾಧನ ಹಂಚಿದೊಡನೆ ಕಲಿಕೆ ಬರುವುದಿಲ್ಲ. ಎಂ.ಐ.ಟಿ.ಯವರೇ ಆದ ನಿಕೋಲಸ್ ನೆಗ್ರೊಪಾಂಟೆ ಅವರು 2005ರಲ್ಲಿ 'ಮಗುವಿಗೊಂದು ಲ್ಯಾಪ್‌ಟಾಪ್' ಯೋಜನೆಯನ್ನು ಜಗತ್ತಿನ ಮುಂದಿಟ್ಟರು. 100 ಡಾಲರಿಗೆ ಕೊಡುತ್ತೇವೆಂದದ್ದು ಕೊನೆಗೆ 200 ಡಾಲರಿನ ಹತ್ತಿರ ಬಂತು. ಪೆರು ದೇಶ ಲಕ್ಷಗಟ್ಟಲೆ ಖರೀದಿಸಿತು. ಅಲ್ಲಿನ 319 ಗ್ರಾಮೀಣ ಶಾಲೆಗಳನ್ನು ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಅಂಕ ಹೆಚ್ಚಿದ್ದು ಕಂಡುಬರಲಿಲ್ಲ. ಪೆಟ್ಟಿಗೆ ತಲುಪಿತ್ತು, ಆದರೆ ಅದನ್ನು ಪಾಠಕ್ಕೆ ಹೇಗೆ ಬಳಸಬೇಕೆಂಬ ತರಬೇತಿ ಶಿಕ್ಷಕರಿಗೆ ಸಾಲದಾಗಿತ್ತು. ದಾನಿಗಳು ಇದನ್ನು ಗಮನಿಸಬೇಕು.

ನಮ್ಮ ದೇಶದಲ್ಲಿ ಕಡಿಮೆ ಖರ್ಚಿನ ದಾರಿ ತೋರಿಸಿದವರಲ್ಲಿ ಅರವಿಂದ ಗುಪ್ತ ಅವರು ಪ್ರಮುಖರು. ಕಾನ್ಪುರದ ಐ.ಐ.ಟಿ.ಯಲ್ಲಿ ಓದಿದ ಇವರು ಬೆಂಕಿಕಡ್ಡಿ, ಸೈಕಲಿನ ವಾಲ್ವ್ ಟ್ಯೂಬು, ಹಳೆ ಕಾಗದ, ಖಾಲಿ ಬಾಟಲಿಗಳಿಂದ ವಿಜ್ಞಾನದ ಆಟಿಕೆ ಮಾಡುವುದನ್ನು ಮಕ್ಕಳಿಗೆ ಕಲಿಸಿದರು. 2018ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು. ನಮ್ಮ ರಾಜ್ಯದ ಗಡಿಗೆ ತಾಗಿದ ಆಂಧ್ರದ ಕುಪ್ಪಂನಲ್ಲಿ ಅಗಸ್ತ್ಯ ಪ್ರತಿಷ್ಠಾನದ 172 ಎಕರೆಯ ಕೇಂದ್ರವಿದೆ. 1999ರಲ್ಲಿ ರಾಮ್‌ಜಿ ರಾಘವನ್ ಮತ್ತು ಸಂಗಡಿಗರು ಆರಂಭಿಸಿದ, ದಾನಿಗಳ ನೆರವಿನಿಂದ ನಡೆಯುವ ಈ ಸಂಸ್ಥೆ ಪ್ರಯೋಗಾಲಯವನ್ನೇ ವ್ಯಾನಿನಲ್ಲಿಟ್ಟು ಹಳ್ಳಿ ಶಾಲೆಗಳಿಗೆ ಒಯ್ಯುತ್ತದೆ. ಇನ್ನು ಕೇಂದ್ರ ಸರಕಾರ 2016ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ಅನುದಾನ ನಿಗದಿಯಾಗಿತ್ತು. ಅದರಲ್ಲಿ 10 ಲಕ್ಷ ಉಪಕರಣಗಳಿಗಾದರೆ, ಇನ್ನುಳಿದ 10 ಲಕ್ಷ ಐದು ವರ್ಷಗಳ ನಿರ್ವಹಣೆಗೆ. ಈ ಅರ್ಧ-ಅರ್ಧ ಲೆಕ್ಕ ನಮಗೆ ಬಹಳ ಹಿಡಿಸಿತು. ನಮ್ಮ ಶಾಲೆಗಳಿಗೆ ಬರುವ ದೇಣಿಗೆಗಳಲ್ಲಿ ನಿರ್ವಹಣೆಗೆ ಎಷ್ಟು ಇಡುತ್ತೇವೆ? ಹೆಚ್ಚಿನ ಕಡೆ ಏನೂ ಇಲ್ಲ.

ದಾನಿ ಮತ್ತು ತರಗತಿಯ ನಡುವಣ ಸಂಬಂಧದ ಬಗ್ಗೆ ಇನ್ನೊಂದು ಮಾದರಿ ನ್ಯೂಯಾರ್ಕಿನದ್ದು. ಅಲ್ಲಿನ ಬ್ರಾಂಕ್ಸ್ ಭಾಗದಲ್ಲಿ ಇತಿಹಾಸ ಶಿಕ್ಷಕರಾಗಿದ್ದ ಚಾರ್ಲ್ಸ್ ಬೆಸ್ಟ್ ಅವರು 2000ದಲ್ಲಿ ಡೋನರ್ಸ್‌ಚೂಸ್ ಆರಂಭಿಸಿದರು. ಶಿಕ್ಷಕಿ ತನ್ನ ತರಗತಿಗೆ ಏನು ಬೇಕು, ಯಾಕೆ ಬೇಕು, ಎಷ್ಟಾಗುತ್ತದೆ ಎಂದು ಬರೆಯುತ್ತಾರೆ. ಯಾರು ಬೇಕಾದರೂ ಕೈಲಾದಷ್ಟು ಕೊಡಬಹುದು. ಹಣ ಶಿಕ್ಷಕಿಯ ಕೈಗೆ ಹೋಗುವುದಿಲ್ಲ. ಸಂಸ್ಥೆಯೇ ವಸ್ತು ಖರೀದಿಸಿ ಶಾಲೆಗೆ ಕಳುಹಿಸುತ್ತದೆ. 2018ರ ಮಾರ್ಚ್‌ನಲ್ಲಿ ಒಂದು ಕಂಪೆನಿ 2.9 ಕೋಟಿ ಡಾಲರ್ ಕೊಟ್ಟು ಆಗ ಬಾಕಿ ಇದ್ದ 35,000ಕ್ಕೂ ಹೆಚ್ಚು ಬೇಡಿಕೆಗಳನ್ನು ಒಂದೇ ಸಲ ಪೂರೈಸಿತು. ಅದು ದೊಡ್ಡ ಸುದ್ದಿ. ಆದರೆ ಇಲ್ಲಿ ನಮಗೆ ಮುಖ್ಯವಾದದ್ದು ಬೇಡಿಕೆ ಬರೆಯುವವರು ಯಾರು ಎಂಬುದು. ತರಗತಿಯಲ್ಲಿ ನಿಂತವರು ಬರೆಯುತ್ತಾರೆ. ನಮ್ಮಲ್ಲಿ ದಾನಿ ನಿರ್ಧರಿಸುತ್ತಾರೆ, ಸಂಚಾಲಕರು ಒಪ್ಪುತ್ತಾರೆ, ಆರನೇ ತರಗತಿಯ ಟೀಚರಿಗೆ ಉದ್ಘಾಟನೆಯ ದಿನವೇ ಗೊತ್ತಾಗುವುದು!

ಧರ್ಮಕೇಂದ್ರದ ಶಾಲೆಯೊಂದಕ್ಕೆ ಇಂಥ ಕೊಠಡಿ ಮಾಡುವುದಾದರೆ ಏನೇನು ಗಮನಿಸಬೇಕು? ನಮ್ಮ ಊರಿನ ಹವೆಗೆ ಮೊದಲ ಸ್ಥಾನ. ಮಳೆಗಾಲದ ನಾಲ್ಕು ತಿಂಗಳು ಮುಚ್ಚಿಟ್ಟ ಯಂತ್ರಕ್ಕೆ ಬೂಸ್ಟು ಹಿಡಿಯುತ್ತದೆ, ಸಮುದ್ರದ ಬದಿಯಲ್ಲಿ ಉಪ್ಪುಗಾಳಿಗೆ ಸ್ಕ್ರೂ ತುಕ್ಕು ಹಿಡಿಯುತ್ತದೆ. ದಿನವೂ ಚಾಲೂ ಮಾಡುವ ಯಂತ್ರ ಬೆಚ್ಚಗಿದ್ದು ಉಳಿಯುತ್ತದೆ, ಬಟ್ಟೆ ಹೊದಿಸಿ ಇಟ್ಟದ್ದೇ ಬೇಗ ಕೆಡುತ್ತದೆ. ಮೇ ತಿಂಗಳ ಮತ್ತು ಅಕ್ಟೋಬರಿನ ಸಿಡಿಲಿಗೆ ಎಷ್ಟು ಮೋಡೆಮ್‌ಗಳು ಹೋಗಿವೆಯೆಂದು ನಿಮಗೂ ಗೊತ್ತು. ಅರ್ತಿಂಗ್ ಸರಿಯಾಗಿರಲಿ, ಸಂಜೆ ಹೊರಡುವಾಗ ಪ್ಲಗ್ ಕಿತ್ತಿಡುವ ಜವಾಬ್ದಾರಿ ಮಕ್ಕಳಿಗೇ ಇರಲಿ.

ಮುಗಿದು ಹೋಗುವ ವಸ್ತುಗಳಿಗೆ ಹಣ ಬೇಕು: ಸೆಲ್, ವಯರ್, ಎಲ್‌ಇಡಿ, ಗಮ್ ಟೇಪ್, ಸಣ್ಣ ಮೋಟಾರ್. ಇವನ್ನು ಯಾವ ದಾನಿಯೂ ಫಲಕದಲ್ಲಿ ಬರೆಸುವುದಿಲ್ಲ, ಆದರೆ ಇವು ಮುಗಿದ ದಿನ ಕೊಠಡಿಗೆ ಬೀಗ ಬೀಳುತ್ತದೆ. ರಟ್ಟು, ತೆಂಗಿನ ಗೆರಟೆ, ಅಡಿಕೆ ಹಾಳೆ ನಮ್ಮಲ್ಲೇ ಬೇಕಾದಷ್ಟಿವೆ. ವಾರಕ್ಕೆರಡು ಸಂಜೆ ಬಂದು ಕುಳಿತುಕೊಳ್ಳುವ ಒಬ್ಬ ಮನುಷ್ಯನೂ ಬೇಕು. ರೇಡಿಯೋ, ಮಿಕ್ಸಿ ರಿಪೇರಿ ಮಾಡುವವರು, ಮೆಕ್ಯಾನಿಕ್, ಹೊಲಿಗೆ ಗೊತ್ತಿರುವ ತಾಯಂದಿರು, ನಿವೃತ್ತರಾಗಿ ಕೊಲ್ಲಿ ರಾಷ್ಟ್ರಗಳಿಂದ ಮರಳಿದ ಇಲೆಕ್ಟ್ರಿಶಿಯನ್‌ಗಳು ಪ್ರತಿ ಧರ್ಮಕೇಂದ್ರದಲ್ಲೂ ಇದ್ದಾರೆ. ಅವರನ್ನು ಯಾರೂ ಕೇಳಿಲ್ಲ, ಅಷ್ಟೆ. ಹುಡುಗಿಯರಿಗೆ ಪಾಲು ಸಿಗುತ್ತಿದೆಯೇ ಎಂದೂ ನೋಡಬೇಕು. ಒಂದು ಯಂತ್ರಕ್ಕೆ ಮೂವರು ಕುಳಿತರೆ ಮೌಸ್ ಹೆಚ್ಚಾಗಿ ಹುಡುಗನ ಕೈಯಲ್ಲೇ ಇರುತ್ತದೆ.

ಹಣದ ವಿಚಾರದಲ್ಲಿ ಎರಡು ಮಾತು. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ದೇಣಿಗೆ ವಿದೇಶಿ ದೇಣಿಗೆಯಾಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರದ್ದು, ನಮ್ಮೂರಿನಲ್ಲೇ ಹುಟ್ಟಿದವರಾದರೂ, ವಿದೇಶಿ ದೇಣಿಗೆಯೇ, ಅದಕ್ಕೆ ಎಫ್.ಸಿ.ಆರ್.ಎ. ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಅಂಥ ಹಣವನ್ನು ಒಂದು ಸಂಸ್ಥೆ ಪಡೆದು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. ಹಳೆ ಕಂಪ್ಯೂಟರನ್ನೇ ಕೊಡುತ್ತೇವೆನ್ನುವವರಿಗೆ ಮೊದಲೇ ತಿಳಿಸಿ: ವಸ್ತುರೂಪದ ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಕೊಡುವ ಮೊದಲು ಒಮ್ಮೆ ಚಾಲೂ ಮಾಡಿ ತೋರಿಸಲು ಹೇಳುವುದರಲ್ಲೂ ಸಂಕೋಚ ಬೇಡ. ಹಾಳಾಗಿದ್ದರೂ ಪರವಾಗಿಲ್ಲ, ಬಿಚ್ಚಿ ನೋಡಲು ಮಕ್ಕಳಿಗೆ ಕೊಡಬಹುದು, ಪ್ಲಗ್ ಕಿತ್ತು, ಪವರ್ ಸಪ್ಲೈ ಪೆಟ್ಟಿಗೆಯನ್ನೂ ಹಳೆ ಮಾನಿಟರನ್ನೂ ಬದಿಗಿಟ್ಟು.