ಬಿಸಿಲು, ಎತ್ತರ ಮತ್ತು ಕಾನೂನು: ಕಟ್ಟಡ ಕಾರ್ಮಿಕರ ಸುರಕ್ಷತೆಯ ಚರಿತ್ರೆ



ನಮ್ಮ ಬನಿಯಾಸ್‌ನ ಹೆಸರು ಇಲ್ಲಿನ ಆಳುವ ಮನೆತನ ಸೇರಿರುವ ಬನಿ ಯಾಸ್ ಬುಡಕಟ್ಟಿನದು. ಒಂದೆಡೆ ಮುಸಫ್ಫಾದ ಕೈಗಾರಿಕಾ ಪ್ರದೇಶ, ಇನ್ನೊಂದೆಡೆ ಮಫ್ರಕ್‌ನ ದೊಡ್ಡ ಆಸ್ಪತ್ರೆ. ದುಡಿಯುವ ಸ್ಥಳವೂ ಚಿಕಿತ್ಸೆಯ ಸ್ಥಳವೂ ಇಷ್ಟು ಸಮೀಪವಿರುವ ಊರಿನಲ್ಲಿ ನೆಲೆಸಿರುವ ನಾವು, ಈ ನಗರವನ್ನು ಕಟ್ಟಿದ ಕೈಗಳ ರಕ್ಷಣೆಯ ಇತಿಹಾಸವನ್ನು ಅರಿಯುವುದು ಉಚಿತ.

1962ರಲ್ಲಿ ಅಬುಧಾಬಿಯಿಂದ ತೈಲದ ರಫ್ತು ಆರಂಭವಾಯಿತು. 1966ರಲ್ಲಿ ಶೇಖ್ ಜಾಯೆದ್ ಅಧಿಕಾರಕ್ಕೆ ಬಂದ ಬಳಿಕ ನಿರ್ಮಾಣ ಕಾರ್ಯ ವೇಗ ಪಡೆಯಿತು. ಕಾನೂನು ತುಸು ತಡವಾಗಿ ಹಿಂಬಾಲಿಸಿತು. 1980ರ ಕಾರ್ಮಿಕ ಕಾಯಿದೆ ರಕ್ಷಣಾ ಸಾಧನಗಳನ್ನು ಒದಗಿಸುವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿತು. 2005ರಲ್ಲಿ ಬೇಸಿಗೆಯ ಮಧ್ಯಾಹ್ನ ವಿರಾಮ ಜಾರಿಗೆ ಬಂತು. ಈಗ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, 12.30ರಿಂದ 3 ಗಂಟೆಯ ತನಕ ನೇರ ಬಿಸಿಲಿನಲ್ಲಿ ದುಡಿಸುವಂತಿಲ್ಲ. ಮೀರಿದರೆ ತಲಾ ಕಾರ್ಮಿಕನಿಗೆ 5,000 ದಿರ್ಹಮ್ ದಂಡ. ಕೆಲಸದಲ್ಲಿ ಮೃತನಾದವನ ಕುಟುಂಬಕ್ಕೆ ಸಲ್ಲುವ ಪರಿಹಾರದ ಗರಿಷ್ಠ ಮಿತಿ ಹಳೆಯ ಕಾಯಿದೆಯಲ್ಲಿ 35,000 ದಿರ್ಹಮ್ ಇದ್ದುದು, 2021ರ ಹೊಸ ಕಾಯಿದೆಯಲ್ಲಿ 2 ಲಕ್ಷಕ್ಕೆ ಏರಿತು.

ಈ ವಿರಾಮಕ್ಕೆ ವೈದ್ಯಕೀಯ ಕಾರಣವಿದೆ. ಬೆವರು ಆವಿಯಾದಾಗ ಮಾತ್ರ ದೇಹ ತಣಿಯುತ್ತದೆ. ಕೊಲ್ಲಿಯ ತೇವಭರಿತ ಗಾಳಿಯಲ್ಲಿ ಬೆವರು ಹರಿಯುತ್ತದೆಯೇ ಹೊರತು ಬೇಗ ಆರುವುದಿಲ್ಲ. ದೇಹದ ಒಳಉಷ್ಣತೆ 40 ಡಿಗ್ರಿ ದಾಟಿ ಮಾತು ತೊದಲಿದರೆ, ನಡೆ ತಪ್ಪಿದರೆ, ಅದು ಶಾಖಾಘಾತ. 998ಕ್ಕೆ ಕರೆಮಾಡಿ, ಆಂಬುಲೆನ್ಸ್ ಬರುವವರೆಗೆ ಕಾಯದೆ ನೆರಳಿಗೆ ಒಯ್ದು ತಣ್ಣೀರು ಸುರಿದು ಗಾಳಿ ಹಾಕಬೇಕು. ಪ್ರಜ್ಞೆ ಮಂಕಾದವನ ಬಾಯಿಗೆ ನೀರು ಹಾಕಬಾರದು.

ಎತ್ತರದಿಂದ ಬೀಳುವುದು ಇನ್ನೊಂದು ಅಪಾಯ. 1930ರ ದಶಕದಲ್ಲಿ ಅಮೆರಿಕದ ಗೋಲ್ಡನ್ ಗೇಟ್ ಸೇತುವೆಯ ಕೆಳಗೆ ಕಟ್ಟಿದ ಬಲೆ 19 ಜನರನ್ನು ಉಳಿಸಿತು. 1937ರ ಫೆಬ್ರವರಿಯಲ್ಲಿ ಸಾರುವೆಯೇ ಕಳಚಿ ಬಲೆಯನ್ನು ಹರಿದಾಗ 10 ಮಂದಿ ಸತ್ತರು. ಬಲೆ ಎಷ್ಟೇ ಗಟ್ಟಿಯಿದ್ದರೂ ಸಾರುವೆಯ ತಪಾಸಣೆಗೆ ಅದು ಬದಲಿಯಲ್ಲ.

ನಮ್ಮ ನಾಡಿನ ಅನುಭವವೂ ಇದನ್ನೇ ಹೇಳುತ್ತದೆ. 1983ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ನಿರ್ಮಾಣದಲ್ಲಿದ್ದ ಗಂಗಾರಾಮ್ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಮಡಿದರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಅಂಥದ್ದೇ ದುರಂತ 19 ಜೀವಗಳನ್ನು ಬಲಿ ಪಡೆಯಿತು. ಇಡೀ ಕಟ್ಟಡವೇ ಕುಸಿದಾಗ ಹೆಲ್ಮೆಟ್ ಏನು ಮಾಡೀತು? ‘ಹಣೆಬರಹ’ ಎಂದು ನಿಟ್ಟುಸಿರಿಡುವ ಮೊದಲು ನಕ್ಷೆ, ಕಂಬ, ಉಸ್ತುವಾರಿಗಳನ್ನು ಪ್ರಶ್ನಿಸಬೇಕು.

ಈ ಪ್ರಶ್ನೆ ನಮ್ಮ ಮನೆಬಾಗಿಲಿಗೂ ಬರುತ್ತದೆ. ಇಲ್ಲಿ ದುಡಿದ ಹಣದಲ್ಲಿ ಊರಿನಲ್ಲಿ ಮನೆ ಕಟ್ಟಿಸುವವರು ನಮ್ಮಲ್ಲಿ ಅನೇಕರು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕೇಂದ್ರ ಕಾಯಿದೆ ಬಂತು. ಅದರಡಿ ಕರ್ನಾಟಕದಲ್ಲಿ ಕಲ್ಯಾಣ ಮಂಡಳಿ ರಚನೆಯಾಯಿತು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವಯಸ್ಸಿನೊಳಗಿನವರು ಅಲ್ಲಿ ನೋಂದಾಯಿಸಿಕೊಳ್ಳಬಹುದು. ಆದ್ದರಿಂದ ಮುಂದಿನ ಸಲ ಮೇಸ್ತ್ರಿಗೆ ಫೋನ್ ಮಾಡುವಾಗ, ‘ಚಾವಣಿ ಯಾವಾಗ?’ ಎಂಬುದರ ಜೊತೆಗೆ ಇನ್ನೆರಡು ಮಾತು ಕೇಳೋಣ: ‘ನಿಮ್ಮ ಆಳುಗಳ ಹೆಸರು ಮಂಡಳಿಯಲ್ಲಿದೆಯೇ? ಸಾರುವೆಯನ್ನು ಯಾರು ಪರೀಕ್ಷಿಸಿದರು?’ ಹಣ ಕೊಡುವವರು ಕೇಳಿದರೆ ಉತ್ತರ ಸಿಕ್ಕೇ ಸಿಗುತ್ತದೆ.