ಹಳ್ಳಿಗೆ ಯಾರನ್ನು ಕಳಿಸಬೇಕು? ರೈತ ಕುಟುಂಬ ಸಮೀಕ್ಷೆ ನಡೆದು ಬಂದ ದಾರಿ

1949ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಆದಾಯ ಸಮಿತಿಯನ್ನು ನೇಮಿಸಿತು. ಅಧ್ಯಕ್ಷರು ಪಿ.ಸಿ. ಮಹಲನೋಬಿಸ್; ಸದಸ್ಯರು ಪುಣೆಯ ಡಿ.ಆರ್. ಗಾಡ್ಗೀಳ್ ಮತ್ತು ಮುಂದೆ ಬೆಂಗಳೂರಿನಲ್ಲಿ ಐಸೆಕ್ ಸಂಸ್ಥೆಯನ್ನು ಕಟ್ಟಿದ ವಿ.ಕೆ.ಆರ್.ವಿ. ರಾವ್. ಮೂವರೂ ಲೆಕ್ಕದಲ್ಲಿ ಘಟಾನುಘಟಿಗಳು. ಆದರೆ ಲೆಕ್ಕ ಹಾಕಲು ಕೂತಾಗ ಹಳ್ಳಿಯ ಮನೆ ಏನು ಬೆಳೆಯುತ್ತದೆ, ಅದರಲ್ಲಿ ಎಷ್ಟು ಉಣ್ಣುತ್ತದೆ, ಎಷ್ಟು ಮಾರುತ್ತದೆ ಎನ್ನುವುದಕ್ಕೆ ನಂಬುವಂಥ ಅಂಕಿಗಳೇ ಕೈಗೆ ಸಿಗಲಿಲ್ಲ. ಆ ಕೊರತೆಯಿಂದ ಹುಟ್ಟಿದ್ದು 1950ರ ರಾಷ್ಟ್ರೀಯ ಮಾದರಿ ಸಮೀಕ್ಷೆ, ಎನ್‌ಎಸ್‌ಎಸ್. ಇದರ ಚರಿತ್ರೆಯನ್ನು ಸಂಖ್ಯಾಶಾಸ್ತ್ರದ ಗೆಲುವಿನ ಕಥೆಯಾಗಿ ಹೇಳುವುದು ರೂಢಿ. ಹಳ್ಳಿಗೆ ಯಾರು ಹೋಗಬೇಕು, ಯಾವಾಗ ಹೋಗಬೇಕು, ಎಷ್ಟು ಸಲ ಹೋಗಬೇಕು ಎಂಬ ತಕರಾರಿನ ಚರಿತ್ರೆಯಾಗಿ ಓದಿದರೆ ಅದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ ಎಂದು ನನ್ನ ಅನಿಸಿಕೆ.

ತಕರಾರು ಎನ್‌ಎಸ್‌ಎಸ್‌ಗಿಂತ ಹಳೆಯದು. ಬ್ರಿಟಿಷರ ಕಾಲದಲ್ಲಿ ಇಳುವರಿಯ ಅಂದಾಜು ಆಣೆವಾರಿಯಲ್ಲಿ ನಡೆಯುತ್ತಿತ್ತು. ಗ್ರಾಮದ ಅಧಿಕಾರಿ ಹೊಲವನ್ನು ನೋಡಿ ಈ ಸಲ ಹತ್ತಾಣೆ ಬೆಳೆ, ಹನ್ನೆರಡಾಣೆ ಬೆಳೆ ಎಂದು ಬರೆಯುತ್ತಿದ್ದ. ಕಂದಾಯದ ರಿಯಾಯಿತಿಯೂ ಅದೇ ಅಂಕಿಗೆ ಅಂಟಿಕೊಂಡಿದ್ದರಿಂದ ಅವನ ಕಣ್ಣಳತೆಗೆ ಊರಿನ ಒತ್ತಡ ಒಂದು ಕಡೆ, ಮೇಲಧಿಕಾರಿಯ ಒತ್ತಡ ಇನ್ನೊಂದು ಕಡೆ. 1920ರ ದಶಕದಲ್ಲಿ ಬಿಹಾರ ಮತ್ತು ಒರಿಸ್ಸಾದ ಅಧಿಕಾರಿ ಜೆ.ಎ. ಹಬ್ಬಾಕ್ ಭತ್ತದ ಗದ್ದೆಗಳಲ್ಲಿ ಯಾದೃಚ್ಛಿಕವಾಗಿ ಜಾಗ ಆರಿಸಿ, ಅಲ್ಲಿನ ಪೈರನ್ನು ಕೊಯ್ಸಿ ತೂಗಿಸಿದರು. 1927ರಲ್ಲಿ ಪ್ರಕಟವಾದ ಅವರ ವರದಿಯಿಂದ ಕಣ್ಣಳತೆಗೆ ಒಂದು ಪರ್ಯಾಯ ಸಿಕ್ಕಿತು. ಅದೇ ಜಾಡಿನಲ್ಲಿ ಮಹಲನೋಬಿಸ್ 1937ರಿಂದ ಬಂಗಾಳದ ಸೆಣಬಿನ ಬೆಳೆಯ ಮೇಲೆ ಮಾದರಿ ಸಮೀಕ್ಷೆ ನಡೆಸಿದರು.

ನಿಜವಾದ ಜಟಾಪಟಿ ಶುರುವಾದದ್ದು 1940ರ ದಶಕದಲ್ಲಿ. ಮಹಲನೋಬಿಸ್‌ಗೆ ಕಂದಾಯ ಇಲಾಖೆಯ ಸಿಬ್ಬಂದಿಯ ಮೇಲೆ ನಂಬಿಕೆ ಇರಲಿಲ್ಲ. ಸಮೀಕ್ಷೆಗೆಂದೇ ತರಬೇತಾದ, ಪೂರ್ಣಾವಧಿಯ ಜನ ಬೇಕು, ಅವರು ಊರೂರು ಸುತ್ತುತ್ತ ಸಣ್ಣ ಸಣ್ಣ ತುಣುಕುಗಳನ್ನು ಕೊಯ್ದು ತೂಗಬೇಕು ಎನ್ನುವುದು ಅವರ ವಾದ. ಕೃಷಿ ಸಂಶೋಧನಾ ಮಂಡಳಿಯ ಪಿ.ವಿ. ಸುಖಾತ್ಮೆ ಅದಕ್ಕೆ ಎದುರು ನಿಂತರು. ತುಣುಕು ಚಿಕ್ಕದಾದಷ್ಟೂ ಅಂಚಿನಲ್ಲಿರುವ ಗಿಡವನ್ನು ಒಳಗೆ ಸೇರಿಸಿಕೊಳ್ಳುವ ಚಪಲ ಹೆಚ್ಚು, ಇಳುವರಿ ಉಬ್ಬುತ್ತದೆ ಎಂದು ಪ್ರಯೋಗ ಮಾಡಿ ತೋರಿಸಿದರು. ತುಣುಕು ದೊಡ್ಡದಿರಲಿ, ಕೆಲಸವನ್ನು ಊರಲ್ಲಿ ಈಗಾಗಲೇ ಇರುವ ಸರ್ಕಾರಿ ನೌಕರರೇ ಮಾಡಲಿ ಎಂದರು. ಇಬ್ಬರೂ ಗೆದ್ದರು ಎನ್ನಬಹುದು. ಇಂದಿಗೂ ಬೆಳೆ ಕಟಾವು ಪ್ರಯೋಗ ಸುಖಾತ್ಮೆ ಹೇಳಿದಂತೆ ರಾಜ್ಯದ ಕಂದಾಯ, ಕೃಷಿ ಸಿಬ್ಬಂದಿಯ ಕೈಯಲ್ಲಿದೆ. ಮನೆ ಮನೆಯ ಸಮೀಕ್ಷೆ ಮಹಲನೋಬಿಸ್ ಬಯಸಿದ ಪ್ರತ್ಯೇಕ ಪಡೆಯ ಕೈಯಲ್ಲಿದೆ. ಒಂದೇ ದೇಶದ ಕೃಷಿ ಅಂಕಿಗಳಿಗೆ ಎರಡು ಕಾಲ್ದಾರಿಗಳಾದವು.

ಎನ್‌ಎಸ್‌ಎಸ್‌ನ ಮೊದಲ ಸುತ್ತು 1950ರ ಅಕ್ಟೋಬರ್‌ನಿಂದ 1951ರ ಮಾರ್ಚ್‌ವರೆಗೆ ನಡೆಯಿತು. ಸುಮಾರು 5 ಲಕ್ಷ 60 ಸಾವಿರ ಹಳ್ಳಿಗಳಲ್ಲಿ ಆರಿಸಿಕೊಂಡದ್ದು 1,833 ಮಾತ್ರ. ಅದರಲ್ಲಿ 644 ಹಳ್ಳಿಗಳ ಹೊಣೆಯನ್ನು ಗಾಡ್ಗೀಳರ ಗೋಖಲೆ ಸಂಸ್ಥೆ ಹೊತ್ತಿತು. ಬಿಳಿ ಹಾಳೆಯ ಮೇಲೆ ಹಳ್ಳಿ ಆರಿಸುವುದು ಸುಲಭ. ಅಲ್ಲಿಗೆ ಹೋದವನಿಗೆ ಎದುರಾದದ್ದು ನೂರೆಂಟು ಭಾಷೆ, ನೂರೆಂಟು ಅಳತೆ. ನಮ್ಮ ಕಡೆಯನ್ನೇ ನೋಡಿ: ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಲ್ಲ. ಖಂಡುಗ ಕೆಲವೆಡೆ ಕಾಳಿನ ಅಳತೆ, ಕೆಲವೆಡೆ ಅಷ್ಟು ಬೀಜ ಹಿಡಿಯುವ ನೆಲದ ಅಳತೆ. ಇವನ್ನೆಲ್ಲ ಒಂದೇ ಅಳತೆಗೆ ತರುವುದು ಮಹಲನೋಬಿಸರ ಕಲ್ಕತ್ತೆಯ ಕಚೇರಿಯಲ್ಲಿ ಆಗುವ ಕೆಲಸವಲ್ಲ. ಜಗಲಿಯ ಮೇಲೆ ಕೂತು ಕೇಳಿ ತಿಳಿಯಬೇಕು. ಕೇಳುವವನೇ ತಪ್ಪಿದರೆ? ಅದಕ್ಕೂ ಮಹಲನೋಬಿಸ್ ಉಪಾಯ ಹೂಡಿದ್ದರು. ಒಂದೇ ಪ್ರದೇಶದ ಮಾದರಿಯನ್ನು ಎರಡು ಉಪಮಾದರಿಗಳಾಗಿ ಒಡೆದು ಬೇರೆ ಬೇರೆ ತಂಡಗಳಿಗೆ ಕೊಡುವುದು. ಎರಡರ ಉತ್ತರ ತೀರಾ ದೂರವಾದರೆ ದೋಷ ಕ್ಷೇತ್ರದಲ್ಲಿದೆ ಎಂದು ತಿಳಿಯುವುದು. ಇಷ್ಟು ನಿಷ್ಠುರವಾಗಿ ತನ್ನನ್ನೇ ಪರೀಕ್ಷಿಸಿಕೊಳ್ಳುವ ಏರ್ಪಾಡು ಆ ಕಾಲಕ್ಕೆ ಅಪರೂಪ.

1970ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷಾ ಸಂಸ್ಥೆ (ಎನ್‌ಎಸ್‌ಎಸ್‌ಒ) ರೂಪುಗೊಂಡು ವಿನ್ಯಾಸ, ಕ್ಷೇತ್ರಕಾರ್ಯ, ದತ್ತಾಂಶ ಸಂಸ್ಕರಣೆಗಳು ಬೇರೆ ಬೇರೆ ವಿಭಾಗಗಳಾದವು. ರಾಜ್ಯಗಳ ಅರ್ಥಶಾಸ್ತ್ರ ಮತ್ತು ಸಾಂಖ್ಯಿಕ ನಿರ್ದೇಶನಾಲಯಗಳೂ, ಕರ್ನಾಟಕದ್ದು ಸೇರಿ, ಅದೇ ಪ್ರಶ್ನಾವಳಿ ಹಿಡಿದು ತಮ್ಮ ಪಾಲಿನ ಮಾದರಿಯನ್ನು ಸಮೀಕ್ಷೆ ಮಾಡುತ್ತ ಬಂದಿವೆ.

ರೈತನ ಮನೆಯನ್ನೇ ಗುರಿಯಾಗಿಟ್ಟುಕೊಂಡ ಪರಿಸ್ಥಿತಿ ಅವಲೋಕನ ಸಮೀಕ್ಷೆ ಬಂದದ್ದು ತಡವಾಗಿ, 2003ರಲ್ಲಿ, 59ನೇ ಸುತ್ತಿನಲ್ಲಿ. 51,770 ಮನೆಗಳಿಂದ ಮಾಹಿತಿ ಬಂತು. ಅವಕಾಶ ಸಿಕ್ಕರೆ ಬೇಸಾಯ ಬಿಡುತ್ತೇವೆ ಎಂದು ಸುಮಾರು ಶೇ. 40ರಷ್ಟು ರೈತರು ಹೇಳಿದ್ದು ಈ ಸಮೀಕ್ಷೆಯಲ್ಲೇ. ಆಗ ರೈತ ಎನಿಸಿಕೊಳ್ಳಲು ಸ್ವಲ್ಪವಾದರೂ ಭೂಮಿ ಇರಬೇಕಿತ್ತು. 2013ರ ಸುತ್ತಿನಲ್ಲಿ ಆ ಷರತ್ತು ಹೋಗಿ, ವರ್ಷಕ್ಕೆ 3,000 ರೂಪಾಯಿಗಿಂತ ಹೆಚ್ಚಿನ ಕೃಷಿ ಉತ್ಪನ್ನ ಎಂಬ ಅಳತೆ ಬಂತು. 2019ಕ್ಕೆ ಅದು 4,000 ಆಯಿತು. ಈ ಬದಲಾವಣೆಯಿಂದ ಭೂಮಿಯೇ ಇಲ್ಲದೆ ಎರಡು ಹಸು ಕಟ್ಟಿಕೊಂಡ ಮನೆಯೂ ಲೆಕ್ಕಕ್ಕೆ ಬಂತು. ಒಳ್ಳೆಯದೇ ಆಯಿತು, ಆದರೆ 2003ರ ಅಂಕಿಯ ಪಕ್ಕದಲ್ಲಿ ಮುಂದಿನವನ್ನು ಇಟ್ಟು ಗೆರೆ ಎಳೆಯುವವರು ಇದನ್ನು ಮರೆಯುತ್ತಾರೆ.

ಇನ್ನು ಎಷ್ಟು ಸಲ ಹೋಗಬೇಕು ಎಂಬ ಪ್ರಶ್ನೆ. ಮುಂಗಾರಿನ ಗೊಬ್ಬರದ ಖರ್ಚನ್ನು ಮುಂದಿನ ಬೇಸಿಗೆಯಲ್ಲಿ ಕೇಳಿದರೆ ರೈತ ಅಂದಾಜು ಹೇಳುತ್ತಾನೆ. ಕಾಳು ಇನ್ನೂ ಮನೆಯಲ್ಲಿರುವಾಗ ಕೇಳಿದರೆ ಮಾರಿದ ಬೆಲೆ ಗೊತ್ತಿರುವುದಿಲ್ಲ. ಅದಕ್ಕೇ ಒಂದೇ ಮನೆಗೆ ಎರಡು ಭೇಟಿ. 2019ರ 77ನೇ ಸುತ್ತಿನ ಮೊದಲ ಭೇಟಿಯಲ್ಲಿ 2018ರ ಜುಲೈನಿಂದ ಡಿಸೆಂಬರ್‌ವರೆಗಿನ ಬೇಸಾಯ, ಎರಡನೆಯದರಲ್ಲಿ 2019ರ ಜನವರಿಯಿಂದ ಜೂನ್‌ವರೆಗಿನದು. ಮೊದಲ ಸಲ ಸಿಕ್ಕ ಮನೆಗಳು 58,035. ಎರಡನೆಯ ಸಲ 56,894. ವಲಸೆಯೂ ಬೇಸರವೂ ಕಾಡುವ ಹಳ್ಳಿಗಳಲ್ಲಿ ಕೈತಪ್ಪಿದವು ಇಷ್ಟೇ ಎನ್ನುವುದು ಕ್ಷೇತ್ರ ಸಿಬ್ಬಂದಿಗೆ ಸಲ್ಲಬೇಕಾದ ಶಹಬ್ಬಾಸ್. ಆ ಸುತ್ತು ಕೊಟ್ಟ ಫಲಿತಾಂಶವನ್ನು ಮರೆಯುವಂತಿಲ್ಲ: ಕೃಷಿ ಕುಟುಂಬದ ತಿಂಗಳ ಸರಾಸರಿ ಆದಾಯ 10,218 ರೂಪಾಯಿ, ಅದರಲ್ಲಿ ಕೂಲಿ ಮತ್ತು ಸಂಬಳದ ಪಾಲು 4,063, ಬೆಳೆಯ ಪಾಲು 3,798. ರೈತನ ಮನೆ ಬೆಳೆಗಿಂತ ದುಡಿಮೆಯ ಕೂಲಿಯಲ್ಲೇ ಹೆಚ್ಚು ಬದುಕುತ್ತಿದೆ.

ಈಗ ಕಾಗದದ ಷೆಡ್ಯೂಲ್ ಹೋಗಿ ಟ್ಯಾಬ್ ಬಂದಿದೆ. ಹೊಂದಾಣಿಕೆಯಾಗದ ಉತ್ತರವನ್ನು ಅಲ್ಲೇ ಹಿಡಿಯುತ್ತದೆ, ವರದಿ ಬೇಗ ಬರುತ್ತದೆ. 2022-23ರ ಗೃಹಬಳಕೆ ವೆಚ್ಚ ಸಮೀಕ್ಷೆಯಲ್ಲಿ ಉದ್ದದ ಪ್ರಶ್ನಾವಳಿಯನ್ನು ಮೂರಾಗಿ ಒಡೆದು ಮೂರು ಭೇಟಿಗಳಿಗೆ ಹಂಚಿದ್ದೂ ಬುದ್ಧಿವಂತಿಕೆಯೇ. ಆದರೆ ಕೈಸಾಲದ ಬಡ್ಡಿ ಎಷ್ಟು ಎಂದು ಕೇಳುವಾಗ ಟ್ಯಾಬ್ ಏನೂ ಮಾಡಲಾರದು. ಗಂಡಸು ಹೇಳಿದ್ದನ್ನು ಬರೆದುಕೊಂಡು ಹೊರಡಬೇಕೋ, ಹಾಲಿನ ಲೆಕ್ಕ ಬಲ್ಲ ಅಮ್ಮನನ್ನೂ ಕರೆಸಿ ಕೇಳಬೇಕೋ ಎಂಬ ವಿವೇಚನೆ ಅನುಭವದಿಂದ ಬರುವಂಥದು. ಆ ಕೆಲಸದ ದೊಡ್ಡ ಭಾಗ ಇಂದು ಗುತ್ತಿಗೆ ನೌಕರರ ಮೇಲಿದೆ. ಕಸುಬು ಕೈಗೆ ಹತ್ತುವ ಹೊತ್ತಿಗೆ ಅವಧಿ ಮುಗಿಯುತ್ತದೆ. ಖಾಯಂ ಪಡೆ ಬೇಕೆಂದು ಮಹಲನೋಬಿಸ್ ಹಟ ಹಿಡಿದದ್ದು ಯಾಕೆಂದು ಸಾಂಖ್ಯಿಕ ಇಲಾಖೆ ಇನ್ನೊಮ್ಮೆ ಓದಿಕೊಳ್ಳಬೇಕು. ಮುಂದಿನ ಸುತ್ತಿನ ವರದಿಯಲ್ಲಿ ಎಷ್ಟು ಜನ ಮನೆ ಮನೆಗೆ ಹೋದರು, ಅವರಲ್ಲಿ ಗುತ್ತಿಗೆಯವರೆಷ್ಟು, ಎಷ್ಟು ದಿನದ ತರಬೇತಿ ಸಿಕ್ಕಿತ್ತು ಎನ್ನುವುದನ್ನು ಸರಾಸರಿ ಆದಾಯದ ಪಕ್ಕದಲ್ಲೇ ಅಚ್ಚು ಹಾಕಲಿ.