ಆನ್‌ಲೈನ್ ಅಂಗಡಿಗೆ ಪೇಮೆಂಟ್ ಗೇಟ್‌ವೇ: ‘ಹೈ ರಿಸ್ಕ್’ ಎನಿಸಿಕೊಂಡ ವ್ಯಾಪಾರಿಗಳಿಗೆ ಮಾಹಿತಿ

ವಾಮಂಜೂರಿನಿಂದ ಗುರುಪುರ, ಕೈಕಂಬ ದಾಟಿ ಮೂಡುಬಿದಿರೆ, ಕಾರ್ಕಳದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ರ ಬದಿಯಲ್ಲಿ ಕ್ಯೂಆರ್ ಫಲಕ ಇಲ್ಲದ ಅಂಗಡಿ ಇಂದು ಸಿಗುವುದೇ ಅಪರೂಪ. ಎದುರು ನಿಂತ ಗಿರಾಕಿ ಸ್ಕ್ಯಾನ್ ಮಾಡುತ್ತಾನೆ, ಸಾಮಾನು ಹಿಡಿದುಕೊಂಡು ಹೋಗುತ್ತಾನೆ, ವ್ಯವಹಾರ ಅಲ್ಲಿಗೆ ಮುಗಿಯಿತು. ಅದೇ ವ್ಯಾಪಾರಿ ಸ್ವಂತ ವೆಬ್‌ಸೈಟ್ ಮಾಡಿಸಿ, ಕಾರ್ಡ್ ಮತ್ತು ಯುಪಿಐ ಮೂಲಕ ಹಣ ಪಡೆಯಲು ಪೇಮೆಂಟ್ ಕಂಪೆನಿಗೆ ಅರ್ಜಿ ಹಾಕಿದಾಗ ಕೆಲವೊಮ್ಮೆ ಬರುವ ಉತ್ತರ ಬೇರೆ: ‘ನಿಮ್ಮ ವ್ಯಾಪಾರ ಹೈ ರಿಸ್ಕ್ ವರ್ಗಕ್ಕೆ ಸೇರುತ್ತದೆ.’ ಇದನ್ನು ಓದಿ ಅನೇಕರು ಅವಮಾನವಾದಂತೆ ಭಾವಿಸುತ್ತಾರೆ. ಇದು ವ್ಯಾಪಾರಿಯ ಪ್ರಾಮಾಣಿಕತೆಯ ಬಗ್ಗೆ ಹೇಳುವ ಮಾತಲ್ಲ. ಗಿರಾಕಿ ಹಣ ವಾಪಸ್ ಕೇಳುವ ಸಂಭವ ಎಷ್ಟು, ಕೇಳಿದಾಗ ಅದನ್ನು ಯಾರು ತುಂಬಬೇಕಾಗುತ್ತದೆ ಎಂಬ ಲೆಕ್ಕ ಮಾತ್ರ.

ಕಾರ್ಡಿನಲ್ಲಿ ಹಣ ಕೊಟ್ಟ ಗಿರಾಕಿ ‘ಸಾಮಾನು ಬಂದಿಲ್ಲ’, ‘ಹೇಳಿದ್ದೇ ಬೇರೆ, ಬಂದದ್ದೇ ಬೇರೆ’ ಎಂದು ತನ್ನ ಬ್ಯಾಂಕಿಗೆ ದೂರು ಕೊಟ್ಟು ಹಣ ಹಿಂದಕ್ಕೆ ಪಡೆಯುವ ಕ್ರಮಕ್ಕೆ ಚಾರ್ಜ್‌ಬ್ಯಾಕ್ ಎನ್ನುತ್ತಾರೆ. ವೀಸಾ, ಮಾಸ್ಟರ್‌ಕಾರ್ಡ್ ನಿಯಮಗಳಲ್ಲಿ ಹೆಚ್ಚಿನ ಕಾರಣಗಳಿಗೆ 120 ದಿನಗಳವರೆಗೆ ಅವಕಾಶವಿದೆ. ಅಷ್ಟರಲ್ಲಿ ವ್ಯಾಪಾರಿ ಅಂಗಡಿ ಮುಚ್ಚಿ ಹೋಗಿದ್ದರೆ ನಷ್ಟ ಪೇಮೆಂಟ್ ಕಂಪೆನಿಯ ಮತ್ತು ಅದರ ಬ್ಯಾಂಕಿನ ತಲೆಗೆ. ಆದ್ದರಿಂದ ಇಂದು ಹಣ ಪಡೆದು ತಿಂಗಳ ನಂತರ ಸೇವೆ ಕೊಡುವವರು, ಬೆಲೆಬಾಳುವ ವಸ್ತು ಮಾರುವವರು, ಕಾನೂನಿನ ಅಂಚಿನಲ್ಲಿರುವ ಪದಾರ್ಥ ಮಾರುವವರು, ಇವರೆಲ್ಲರ ಮೇಲೆ ಅವರಿಗೆ ಒಂದು ಕಣ್ಣು.

ನಮ್ಮ ಭಾಗದ ವ್ಯಾಪಾರಗಳನ್ನೇ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಚಿನ್ನಾಭರಣ, ಆಯುರ್ವೇದ ಔಷಧಿ, ತೀರ್ಥಯಾತ್ರೆಯ ಬಸ್ಸು ಬುಕಿಂಗ್, ಅಡಿಕೆ: ಈ ನಾಲ್ಕೂ ಪ್ರಶ್ನೆ ಎಬ್ಬಿಸುವಂಥವೇ. ಯಾತ್ರೆಯಲ್ಲಿ ಮುಂಗಡ ಹಣ ಇರುತ್ತದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಯಾತ್ರೆಗಳೆಲ್ಲ ರದ್ದಾದಾಗ ಬಸ್ಸಿನವರಿಗೆ, ಹೋಟೆಲಿನವರಿಗೆ ಮೊದಲೇ ಹಣ ಕೊಟ್ಟಿದ್ದವರ ಪಾಡು ಏನಾಯಿತೆಂದು ಯಾತ್ರೆ ನಡೆಸುವವರಿಗೆ ಗೊತ್ತು. ಆಯುರ್ವೇದದಲ್ಲಿ ಪರವಾನಗಿಗಿಂತ ದೊಡ್ಡ ತೊಡಕು ಬರವಣಿಗೆಯದು. ಮಧುಮೇಹ ಗುಣವಾಗುತ್ತದೆ, ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ವೆಬ್‌ಸೈಟಿನಲ್ಲಿ ಬರೆದರೆ 1954ರ ಡ್ರಗ್ಸ್ ಆ್ಯಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಗೆ ವಿರುದ್ಧ. ಅರ್ಜಿ ಪರಿಶೀಲಿಸುವವರು ಮೊದಲು ನೋಡುವುದೇ ಇಂಥ ಸಾಲುಗಳನ್ನು. ಅಡಿಕೆ, ಸಿಹಿ ಸುಪಾರಿ ಮಾರುವವರು ಅದರಲ್ಲಿ ತಂಬಾಕು ಇಲ್ಲವೆಂದು ಪ್ರತಿ ವಸ್ತುವಿನ ಕೆಳಗೂ ಸ್ಪಷ್ಟವಾಗಿ ಬರೆಯುವುದು ಒಳ್ಳೆಯದು. ಕರ್ನಾಟಕದಲ್ಲಿ 2013ರಿಂದ ಗುಟ್ಕಾ ನಿಷೇಧವಿರುವುದರಿಂದ ಈ ಸಂಶಯ ಸಹಜ. ಆಹಾರ ಪದಾರ್ಥಕ್ಕೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಚಿನ್ನಕ್ಕೆ 2023ರ ಏಪ್ರಿಲ್ 1ರಿಂದ ಕಡ್ಡಾಯವಾದ 6 ಅಕ್ಷರ-ಅಂಕಿಗಳ ಎಚ್‌ಯುಐಡಿ ಗುರುತು ಇರಲೇಬೇಕು.

ಪೂಜಾ ಸಾಮಗ್ರಿ ಮಾರುವವರು ಗಮನಿಸಬೇಕಾದ ಒಂದು ವಿಷಯ ನವಿಲುಗರಿ. ವನ್ಯಜೀವಿಗಳಿಂದ ಬಂದ ವಸ್ತುಗಳು ಪೇಮೆಂಟ್ ಕಂಪೆನಿಗಳ ನಿಷೇಧಿತ ಪಟ್ಟಿಯಲ್ಲಿರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನವಿಲಿನ ಬಾಲದ ಗರಿಗೆ ದೇಶದೊಳಗಿನ ವ್ಯಾಪಾರದಲ್ಲಿ ವಿನಾಯಿತಿ ಕೊಟ್ಟಿದೆ, ಆದರೆ ರಫ್ತಿಗೆ ಅವಕಾಶವಿಲ್ಲ. ಗರಿ ಇಡುವ ಅಂಗಡಿಯವರು ಇದನ್ನು ಅರ್ಜಿಯ ಜೊತೆಗೇ ಬರೆದುಕೊಡಬೇಕು, ವಿದೇಶಿ ವಿಳಾಸಕ್ಕೆ ಕಳುಹಿಸುವುದಿಲ್ಲವೆಂದೂ ಸೇರಿಸಬೇಕು. ಅಂದಹಾಗೆ, ದಂತ ವಾಣಿಜ್ಯ, ವಿಷ ವಾಣಿಜ್ಯಗಳನ್ನು ಶ್ರಾವಕರಿಗೆ ವರ್ಜ್ಯವೆಂದು ನಮ್ಮ ಹಿರಿಯರು ಬಹಳ ಹಿಂದೆಯೇ ಹೇಳಿದ್ದರು. ಇಂದಿನ ಬ್ಯಾಂಕುಗಳ ಪಟ್ಟಿಯಲ್ಲೂ ಅವೇ ಕಾಣುತ್ತವೆ.

ಇನ್ನು ಕಂಪೆನಿ ಆಯ್ಕೆ. ವ್ಯಾಪಾರಿಯ ಪರವಾಗಿ ಹಣ ಪಡೆದು ನಂತರ ವ್ಯಾಪಾರಿಗೆ ಸಲ್ಲಿಸುವ ಸಂಸ್ಥೆಗೆ ಪೇಮೆಂಟ್ ಅಗ್ರಿಗೇಟರ್ ಎಂದು ಹೆಸರು. ಹಣ ಮುಟ್ಟದೆ ತಾಂತ್ರಿಕ ದಾರಿ ಮಾತ್ರ ಒದಗಿಸುವುದು ಪೇಮೆಂಟ್ ಗೇಟ್‌ವೇ. ಮಾತಿನಲ್ಲಿ ಎರಡನ್ನೂ ಗೇಟ್‌ವೇ ಎಂದೇ ಕರೆಯುತ್ತಾರೆ, ಆದರೆ ರಿಸರ್ವ್ ಬ್ಯಾಂಕ್ 2020ರ ಮಾರ್ಚ್ 17ರ ಮಾರ್ಗಸೂಚಿಯಲ್ಲಿ ಇವನ್ನು ಬೇರ್ಪಡಿಸಿ, ಅಗ್ರಿಗೇಟರ್‌ಗಳಾಗುವ ಬ್ಯಾಂಕೇತರ ಕಂಪೆನಿಗಳಿಗೆ ಪರವಾನಗಿ ಕಡ್ಡಾಯ ಮಾಡಿತು. ಗಿರಾಕಿಗಳ ಹಣವನ್ನು ಅವು ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿ ಪ್ರತ್ಯೇಕವಾಗಿ ಇಡಬೇಕು, ವ್ಯಾಪಾರಿಯ ಹಿನ್ನೆಲೆ ಪರಿಶೀಲಿಸಬೇಕು, ದೂರು ಕೇಳಲು ನೋಡಲ್ ಅಧಿಕಾರಿಯನ್ನು ನೇಮಿಸಬೇಕು. 2025ರ ಸೆಪ್ಟೆಂಬರ್ 15ರಂದು ಇವೆಲ್ಲವನ್ನೂ ಒಟ್ಟುಗೂಡಿಸಿ ಹೊಸ ನಿರ್ದೇಶನ ಬಂದಿದೆ. ಪರವಾನಗಿ ಪಡೆದವರ ಪಟ್ಟಿ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿದೆ. ಅದರಲ್ಲಿ ಹೆಸರಿಲ್ಲದ ಕಂಪೆನಿ ಎಷ್ಟೇ ಕಡಿಮೆ ದರ ಹೇಳಲಿ, ಅದರ ಸಹವಾಸ ಬೇಡ. ‘ಯಾವ ಹೈ ರಿಸ್ಕ್ ವ್ಯಾಪಾರಕ್ಕೂ ಎರಡೇ ದಿನದಲ್ಲಿ ವಿದೇಶಿ ಖಾತೆ’ ಎಂದು ವಾಟ್ಸ್ಆ್ಯಪ್‌ನಲ್ಲಿ ಮುಂಗಡ ಶುಲ್ಕ ಕೇಳುವ ಮಧ್ಯವರ್ತಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ದರದ ವಿಷಯದಲ್ಲಿ ವ್ಯಾಪಾರಿಗಳು ಸಾಮಾನ್ಯವಾಗಿ ಶೇಕಡಾ ಎಷ್ಟು ಎಂದಷ್ಟೇ ಕೇಳುತ್ತಾರೆ. ಬ್ಯಾಂಕ್ ಖಾತೆಯಿಂದ ಕೊಡುವ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ 2020ರ ಜನವರಿ 1ರಿಂದ ಎಂಡಿಆರ್ ಇಲ್ಲ; ಆದರೂ ಕಂಪೆನಿ ತನ್ನ ಪ್ಲಾಟ್‌ಫಾರ್ಮ್ ಶುಲ್ಕವೆಂದು ಪ್ರತ್ಯೇಕವಾಗಿ ಹಾಕಬಹುದು, ಕೇಳಿ ತಿಳಿಯಬೇಕು. ಶುಲ್ಕ ಶೇ. 2 ಎಂದರೆ ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ ಶೇ. 2.36 ಆಗುತ್ತದೆ. 5,000 ರೂಪಾಯಿಯ ಮಾರಾಟಕ್ಕೆ 118 ರೂಪಾಯಿ. ಈ ಜಿಎಸ್‌ಟಿಯನ್ನು ಸಾಮಾನ್ಯ ನೋಂದಣಿಯವರು ಇನ್‌ಪುಟ್ ಆಗಿ ಪಡೆಯಬಹುದು, ಕಾಂಪೊಸಿಷನ್‌ನವರಿಗೆ ಅದಿಲ್ಲ.

ಶೇಕಡಾವಾರಿಗಿಂತ ಹೆಚ್ಚು ಕಾಡುವುದು ರೋಲಿಂಗ್ ರಿಸರ್ವ್. ಹೈ ರಿಸ್ಕ್ ಎಂದು ಗುರುತಿಸಿದ ಅಂಗಡಿಯ ಪ್ರತಿ ಮಾರಾಟದಿಂದ ಒಂದಂಶವನ್ನು ಕಂಪೆನಿ ತಿಂಗಳುಗಟ್ಟಲೆ ತನ್ನಲ್ಲೇ ತಡೆದಿಡುವ ಷರತ್ತು ಇದು. ವಾಮಂಜೂರಿನ ಒಂದು ಸಣ್ಣ ಆಯುರ್ವೇದ ಅಂಗಡಿಗೆ ಆನ್‌ಲೈನಿನಲ್ಲಿ ತಿಂಗಳಿಗೆ 2 ಲಕ್ಷ ರೂಪಾಯಿ ವ್ಯಾಪಾರವಿದೆ, ಶೇ. 10 ರಿಸರ್ವ್, 6 ತಿಂಗಳ ಅವಧಿ ಎಂದಿಟ್ಟುಕೊಳ್ಳೋಣ. ತಿಂಗಳಿಗೆ 20,000ದಂತೆ ಆರು ತಿಂಗಳಲ್ಲಿ 1,20,000 ರೂಪಾಯಿ ಕಟ್ಟಿಬೀಳುತ್ತದೆ, ವ್ಯಾಪಾರ ನಡೆಯುವವರೆಗೂ ಅಷ್ಟು ಮೊತ್ತ ಅಲ್ಲೇ ನಿಂತಿರುತ್ತದೆ. ಶೇ. 12 ಲಾಭ ಎಂದರೆ ಅದು ಐದು ತಿಂಗಳ ಲಾಭ. ಮಾಲು ತರಿಸಲು ಕೈಯಿಂದ ಹಣ ಹಾಕಬೇಕು. ಶುಲ್ಕ ಅರ್ಧ ಶೇಕಡಾ ಹೆಚ್ಚಾದರೂ ರಿಸರ್ವ್ ಇಲ್ಲದ ಕಂಪೆನಿ ಇಂಥ ಅಂಗಡಿಗೆ ಎಷ್ಟೋ ಮೇಲು. ಒಪ್ಪಂದದಲ್ಲಿ ರಿಸರ್ವ್ ಎಷ್ಟು, ಎಷ್ಟು ದಿನ, ಖಾತೆ ಮುಚ್ಚಿದ ಮೇಲೆ ಯಾವಾಗ ವಾಪಸ್ ಎಂಬುದು ಬರಹದಲ್ಲಿರಲಿ, ಮಾರಾಟ ಪ್ರತಿನಿಧಿಯ ಫೋನಿನ ಮಾತು ಲೆಕ್ಕಕ್ಕಿಲ್ಲ.

ಕೆಲವರು ಅಡ್ಡದಾರಿ ಹಿಡಿಯುತ್ತಾರೆ. ಔಷಧಿ ಮಾರಿ ಪುಸ್ತಕ ಎಂದು ತೋರಿಸುವುದು, ಭಾವನ ಬಟ್ಟೆ ಅಂಗಡಿಯ ಖಾತೆಯಲ್ಲಿ ತನ್ನ ವ್ಯಾಪಾರದ ಹಣ ಪಡೆಯುವುದು ಇತ್ಯಾದಿ. ಸಿಕ್ಕಿಬಿದ್ದರೆ ಖಾತೆ ಬಂದ್, ಹಣ ತಡೆ, ಭಾವನ ವ್ಯಾಪಾರವೂ ನಿಲ್ಲುತ್ತದೆ. ಮಾಸ್ಟರ್‌ಕಾರ್ಡ್‌ನ ಮ್ಯಾಚ್ ಎಂಬ ಪಟ್ಟಿಗೆ ಹೆಸರು ಸೇರಿದರೆ 5 ವರ್ಷ ಅಲ್ಲೇ ಉಳಿಯುತ್ತದೆ, ಅಷ್ಟು ದಿನ ಬೇರೆ ಬ್ಯಾಂಕುಗಳೂ ಕಾರ್ಡ್ ಸೌಲಭ್ಯ ಕೊಡಲು ಹಿಂಜರಿಯುತ್ತವೆ.

ಅರ್ಜಿಗೆ ಪ್ಯಾನ್, ಬ್ಯಾಂಕ್ ಖಾತೆ, ಜಿಎಸ್‌ಟಿ ಬೇಕು. ವಹಿವಾಟು 40 ಲಕ್ಷ ದಾಟಿಲ್ಲ, ನಮಗೆ ಜಿಎಸ್‌ಟಿ ಬೇಡ ಎನ್ನುವವರಿದ್ದಾರೆ. ಕಾಸರಗೋಡಿನ ಗಿರಾಕಿಗೆ ಸರಕು ಕಳುಹಿಸಿದರೂ ಅದು ಅಂತರರಾಜ್ಯ ಮಾರಾಟ, ಅದಕ್ಕೆ ಆ ಮಿತಿ ಅನ್ವಯಿಸುವುದಿಲ್ಲ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದನ್ನು ಮರೆಯುವಂತಿಲ್ಲ. ವೆಬ್‌ಸೈಟಿನಲ್ಲಿ ವಿಳಾಸ, ಫೋನ್, ಹಣ ವಾಪಸಾತಿಯ ನಿಯಮ, ಸಾಮಾನು ತಲುಪುವ ದಿನ ಕಾಣುವಂತಿರಬೇಕು.

ಬಸದಿಗಳ ಟ್ರಸ್ಟ್‌ಗಳು ದೇಣಿಗೆಗೆ ಇದೇ ಸೌಲಭ್ಯ ಪಡೆಯುವಾಗ ಬೇರೊಂದು ಎಚ್ಚರ ಬೇಕು. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟ ಹಣ ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದ ನಮ್ಮವರೇ ಕೊಟ್ಟರೆ ಅದು ವಿದೇಶಿ ದೇಣಿಗೆ. ಅದಕ್ಕೆ ಎಫ್‌ಸಿಆರ್‌ಎ ನೋಂದಣಿ ಬೇಕು ಮತ್ತು ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆದ್ದರಿಂದ ನೋಂದಣಿ ಇಲ್ಲದ ಟ್ರಸ್ಟ್‌ಗಳು ವಿದೇಶಿ ಕಾರ್ಡ್ ಸ್ವೀಕಾರವನ್ನು ಬಂದ್ ಮಾಡಿಸುವುದೇ ಕ್ಷೇಮ.

ಅಂಗಡಿಯವರೂ ಆರಂಭದ ಕೆಲವು ತಿಂಗಳು ಹಾಗೆಯೇ ಮಾಡಬಹುದು. ನಮ್ಮ ದೇಶದ ಕಾರ್ಡಿಗೆ 2009ರಿಂದಲೇ ಹೆಚ್ಚುವರಿ ದೃಢೀಕರಣ, ಅಂದರೆ ಸಾಮಾನ್ಯವಾಗಿ ಓಟಿಪಿ, ಬೇಕು. ವಿದೇಶಿ ಕಾರ್ಡುಗಳಲ್ಲಿ ಅದಿಲ್ಲದೆಯೂ ಹಣ ಬರುತ್ತದೆ, ವಂಚನೆ ಹೆಚ್ಚಾಗಿ ಬರುವುದೂ ಆ ದಾರಿಯಲ್ಲೇ. ಕೊರಿಯರ್ ರಶೀದಿ, ಸಹಿ, ಗಿರಾಕಿಯ ಜೊತೆಗಿನ ಸಂದೇಶ, ಇವನ್ನು ಕನಿಷ್ಠ ಆರು ತಿಂಗಳು ತೆಗೆದಿಡಬೇಕು, ಯಾಕೆಂದರೆ ಚಾರ್ಜ್‌ಬ್ಯಾಕ್ ಬಂದಾಗ ಉತ್ತರ ಕೊಡಲು ಸಿಗುವುದು ಕೆಲವೇ ದಿನ. ವ್ಯಾಪಾರ ಸ್ವಲ್ಪ ಕುದುರಿದ ಮೇಲೆ ಎರಡನೆಯ ಕಂಪೆನಿಯಲ್ಲೂ ಒಂದು ಖಾತೆ ತೆರೆದು, ತಿಂಗಳಿಗೆ ನಾಲ್ಕಾರು ಮಾರಾಟವಾದರೂ ಅದರಲ್ಲಿ ಹಾಯಿಸುತ್ತಿದ್ದರೆ, ಮೊದಲನೆಯದು ದೀಪಾವಳಿಯ ವಾರದಲ್ಲಿ ಪರಿಶೀಲನೆಗೆಂದು ನಿಂತುಹೋದರೂ ಅಂಗಡಿ ನಿಲ್ಲುವುದಿಲ್ಲ.